ಗಣಿ ಮುಚ್ಚಿದರೆ ಕೆಲಸ ಹೋಗೋದು ಗಂಡಸರಿಗೆ ತಾನೆ, ಹೆಂಗಸರಿಗೇನು ತೊಂದರೆ?

ಕಾಗದದ ಮೇಲೆ ನಿಮ್ಮ ಮಾತು ಸರಿ. 1952ರ ಗಣಿ ಕಾಯ್ದೆ ಹೆಂಗಸರನ್ನು ಭೂಮಿಯೊಳಗೆ ಇಳಿಯೋಕೇ ಬಿಟ್ಟಿರಲಿಲ್ಲ. 2019ರಲ್ಲಷ್ಟೇ ಅದು ಸಡಿಲವಾದದ್ದು. ಹಾಗಾಗಿ 2001ರ ಫೆಬ್ರವರಿ 28ಕ್ಕೆ ಕೋಲಾರದ ಕೆಜಿಎಫ್ ಚಿನ್ನದ ಗಣಿ ನಿಂತಾಗ, ಕೆಲಸ ಕಳಕೊಂಡವರ ಪಟ್ಟಿಯಲ್ಲಿ ನಮ್ಮಮ್ಮನ ಹೆಸರಿರಲಿಲ್ಲ. ಆದರೆ ಎರಡು ತಿಂಗಳಾಗೋದರೊಳಗೆ ಬೆಂಗಳೂರಿನ ರೈಲು ಹತ್ತಿದವಳು ಅವಳೇ.

ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯ ಲೈನ್ ಮನೆಯಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲು ಮನೆಯಲ್ಲಿ ಬೆಳೆದವಳು, ಈಗ ಇರೋದು ಬೆಂಗಳೂರಿನ ಕೆ.ಆರ್. ಪುರದಲ್ಲಿ. ನಮಗೆ ಗಣಿ ಅಂದರೆ ಬರೀ ಸಂಬಳ ಅಲ್ಲ. ಮನೆ, ನೀರು, ಕರೆಂಟು, ಆಸ್ಪತ್ರೆ ಎಲ್ಲವೂ ಅದರದ್ದೇ. (ಶಿವನಸಮುದ್ರದ ಕರೆಂಟು ನಮಗೆ 1902ರಲ್ಲೇ ಬಂತು, ಬೆಂಗಳೂರಿಗೆ 1905ರಲ್ಲಿ. ಇಲ್ಲಿಯವರು ಯಾರೇ ಸಿಗಲಿ, ಅಪ್ಪ ಇದನ್ನು ಹೇಳದೆ ಬಿಡುತ್ತಿರಲಿಲ್ಲ.) ನಲ್ಲಿ ನಿಂತ ಮೇಲೆ ಬಿಂದಿಗೆ ಹೊತ್ತವರು ಯಾರು? ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟ ಅಪ್ಪನಿಗೆ ರಾತ್ರಿಯಿಡೀ ಬೆನ್ನು ನೀವಿದವರು ಯಾರು? ಗಾಳಿ ಎದ್ದರೆ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯ ಗುಡ್ಡ) ಧೂಳು ಒಗೆದ ಬಟ್ಟೆ, ಅನ್ನದ ಪಾತ್ರೆ ಎಲ್ಲದರ ಮೇಲೂ ಕೂರುತ್ತಿತ್ತು. ಗಣಿ ನಿಂತರೂ ಅದನ್ನು ಒರೆಸೋ ಕೆಲಸ ನಿಲ್ಲಲಿಲ್ಲ.

ಗಣಿ ಮುಚ್ಚಿದ್ದಕ್ಕೆ ಕೊಟ್ಟ ಸೆಟಲ್‌ಮೆಂಟ್ ದುಡ್ಡು ಬಂದದ್ದು ಅಪ್ಪನ ಹೆಸರಿಗೆ. ಎಷ್ಟು ಅಂತ ಅಮ್ಮನಿಗೆ ಗೊತ್ತಾದದ್ದು ಪಕ್ಕದ ಮನೆಯವರಿಂದ! ಬಡ್ಡಿ ಸಾಲಕ್ಕೆ ಒಂದಿಷ್ಟು, ಅಪ್ಪನ ತಂಗಿಯ ಮದುವೆಗೆ ಒಂದಿಷ್ಟು, ಉಳಿದದ್ದು ಸಾರಾಯಿಗೆ. ಅಪ್ಪ ಕೆಟ್ಟವರಲ್ಲ. ಶಿಫ್ಟಿನ ಸೈರನ್ ಇಲ್ಲದೆ ದಿನ ಹೇಗೆ ಶುರು ಮಾಡಬೇಕು ಅಂತಲೇ ಅವರಿಗೆ ತಿಳಿಯಲಿಲ್ಲ.

ಅಮ್ಮ ಮೂರು ಗಂಟೆಗೆ ಎದ್ದು ಅನ್ನ ಮಾಡಿಟ್ಟು ಮಾರಿಕುಪ್ಪಂ ರೈಲಿಗೆ ಓಡುತ್ತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಕೆಲಸ. ಸುಮಾರು ನೂರು ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ಸು. ಮನೆ ಸೇರೋಷ್ಟರಲ್ಲಿ ತಮ್ಮ ನಿದ್ದೆ ಹೋಗಿರುತ್ತಿದ್ದ. ಅವನಿಗೆ ಉಣ್ಣಿಸಿ ಮಲಗಿಸುತ್ತಿದ್ದದ್ದು ನಾನು, ಹದಿಮೂರರ ಹುಡುಗಿ. ನನ್ನ ಓದು ಹತ್ತನೇ ಕ್ಲಾಸಿಗೆ ನಿಂತದ್ದು ಯಾವ ಪಟ್ಟಿಯಲ್ಲೂ ಇಲ್ಲ ಬಿಡಿ.

ಸೋಷಿಯಲ್ ವರ್ಕ್ ಪ್ರಾಜೆಕ್ಟಿಗೆ ಬೇಕು ಅಂದಿದ್ದೀರಲ್ಲ, ಒಂದು ಮಾತು ಸೇರಿಸಿ: ಪರಿಹಾರದ ಚೆಕ್ ಕೊಡೋ ದಿನ ಹೆಂಡತಿಯನ್ನೂ ಕರೆಸಿ ಕೂರಿಸಬೇಕು, ಜಂಟಿ ಖಾತೆಗೇ ಹಾಕಬೇಕು, ಮನೆಯ ಹಕ್ಕುಪತ್ರದಲ್ಲಿ ಅವಳ ಹೆಸರೂ ಇರಬೇಕು.

ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. 'ಹೂವಿಂದೂ ಬರಿಯೇ' ಅಂತಿದ್ದಾಳೆ. ರೈಲಿನಲ್ಲಿ ಹೋಗ್ತಾ ಮೊಳಗಟ್ಟಲೆ ಹೂ ಕಟ್ಟಿ, ಇಳಿಯೋದರೊಳಗೆ ಬೋಗಿಯಲ್ಲೇ ಮಾರಿಬಿಡುತ್ತಿದ್ದಳಂತೆ. ಆ ದುಡ್ಡು ಮಾತ್ರ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.