ದಿ ಹ್ಯಾಂಡ್‌ಸಮ್ ಫ್ಯಾಮಿಲಿಯ ಹಾಡುಗಳು ಇಂಪಾಗಿದ್ದೂ ಅಂಜಿಕೆ ಹುಟ್ಟಿಸುವುದೇಕೆ?

ಅಮೆರಿಕದ ಈ ತಂಡದಲ್ಲಿ ರಾಗ ಒಬ್ಬರದು, ಸಾಹಿತ್ಯ ಇನ್ನೊಬ್ಬರದು. ಆ ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದೇ ಇದಕ್ಕೆ ಕಾರಣ. ಪತಿ ಬ್ರೆಟ್ ಸ್ಪಾರ್ಕ್ಸ್ ಅಮೆರಿಕದ ಹಳ್ಳಿಗಾಡಿನ ಹಾಡುಗಾರಿಕೆಯಾದ ಹಳೆಯ ಕಂಟ್ರಿ ಸಂಗೀತದ ಸರಳ ಧಾಟಿಯಲ್ಲಿ ರಾಗ ಹಾಕುತ್ತಾರೆ. ಪತ್ನಿ ರೆನೀ ಸ್ಪಾರ್ಕ್ಸ್ ಸಾವು, ಪ್ರೇತ, ಕಾಡು, ಒಂಟಿತನಗಳ ಕುರಿತು ಬರೆಯುತ್ತಾರೆ. ಜಾನಪದ ಧಾಟಿಯಲ್ಲಿ ಇಂಥ ಕರಾಳ ವಸ್ತುವನ್ನು ಹಾಡುವುದಕ್ಕೇ ಗಾಥಿಕ್ ಫೋಕ್ ಎನ್ನುತ್ತಾರೆ. ಬ್ರಿಟನ್ನಿನಿಂದ ವಲಸೆ ಬಂದವರು ಪೂರ್ವ ಅಮೆರಿಕದ ಅಪಲೇಚಿಯನ್ ಬೆಟ್ಟಗಳಿಗೆ ತಂದ ಕೊಲೆಯ ಲಾವಣಿಗಳಲ್ಲೇ ಇದರ ಬೇರಿದೆ: ಅಲ್ಲಿಯೂ ಹಾಡುವವರು ಅಳುವುದಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತಾರೆ. ಬ್ರೆಟ್ ಅವರ ಗಂಭೀರವಾದ ತಗ್ಗು ದನಿಯೂ ಹಾಗೆಯೇ ಒಂದಿಷ್ಟೂ ಕದಲದೆ ಸಾಗುವುದರಿಂದ, ಭಯಪಡುವ ಕೆಲಸ ಪೂರ್ತಿಯಾಗಿ ಕೇಳುಗರ ಪಾಲಿಗೆ ಬರುತ್ತದೆ. ನನ್ನ ಮಟ್ಟಿಗೆ ಇವರ ನಿಜವಾದ ಕಲೆ ಇರುವುದು ಈ ಸಂಯಮದಲ್ಲಿ.

1993ರ ಸುಮಾರಿಗೆ ಶಿಕಾಗೋದಲ್ಲಿ ಆರಂಭವಾದ ತಂಡವು ಸಣ್ಣ ಸ್ವತಂತ್ರ ಸಂಸ್ಥೆಯ ಮೂಲಕ ಆಲ್ಬಮ್‌ಗಳನ್ನು ಹೊರತಂದಿತು. ಅವುಗಳಲ್ಲಿ ಹಲವು ಮನೆಯಲ್ಲೇ ಧ್ವನಿಮುದ್ರಣಗೊಂಡವು. ಬಳಿಕ ದಂಪತಿಗಳು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ನೆಲೆ ಬದಲಿಸಿದರು. 2003ರ ‘ಸಿಂಗಿಂಗ್ ಬೋನ್ಸ್’ ಆಲ್ಬಮ್ಮಿನ ‘ಫಾರ್ ಫ್ರಮ್ ಎನಿ ರೋಡ್’ ಹಾಡಿನಲ್ಲಿ ಅಲ್ಲಿನ ಮರುಭೂಮಿಯೇ ಕೇಳಿಸುತ್ತದೆ: ದೂರದಿಂದ ಬಂದಂತಿರುವ ತುತ್ತೂರಿ, ಸರದಿಯಲ್ಲಿ ಬರುವ ಗಂಡು–ಹೆಣ್ಣು ದನಿಗಳು, ಬಿಸಿಲಾರದ ಬಂಡೆಗಳು. 2014ರಲ್ಲಿ ‘ಟ್ರೂ ಡಿಟೆಕ್ಟಿವ್’ ಧಾರಾವಾಹಿಯ ಶೀರ್ಷಿಕೆ ಗೀತೆಯಾದಾಗ, ಅಂದರೆ 11 ವರ್ಷಗಳ ನಂತರ, ಜಗತ್ತು ಅದನ್ನು ಮೊದಲ ಬಾರಿಗೆ ಎಂಬಂತೆ ಕೇಳಿತು.