ಫ್ಯಾಂಟೊಮಾಸ್ ಬ್ಯಾಂಡ್‌ನಲ್ಲಿ ಡೇವ್ ಲೊಂಬಾರ್ಡೊ ಅವರ ಡ್ರಮ್ಸ್ ತಾಳ ತಪ್ಪಿದಂತೆ ಕೇಳುವುದೇಕೆ?

ತಾಳ ತಪ್ಪಿಲ್ಲ. ಅಲ್ಲಿ ಡ್ರಮ್ಸ್ ಒಂದೇ ಲಯಕ್ಕೆ ಕಟ್ಟುಬೀಳದೆ ಗಾಯಕನ ಧ್ವನಿಯ ಬೆನ್ನು ಹತ್ತುತ್ತದೆ.

ಲೊಂಬಾರ್ಡೊ ಮೊದಲು ಹೆಸರು ಮಾಡಿದ ಸ್ಲೇಯರ್ ಬ್ಯಾಂಡ್‌ನದು ಥ್ರ್ಯಾಶ್ ಮೆಟಲ್, ಅಂದರೆ ಅತಿವೇಗದ ಒರಟು ರಾಕ್. ಅಲ್ಲಿ ಅವರು ಎರಡೂ ಕಾಲುಗಳಿಂದ ಬಾಸ್ ಡ್ರಮ್ ಬಾರಿಸುತ್ತ ವೇಗವನ್ನು ಕಾಯುತ್ತಿದ್ದರು. 1998ರಲ್ಲಿ ಗಾಯಕ ಮೈಕ್ ಪ್ಯಾಟನ್ ಕಟ್ಟಿದ ಫ್ಯಾಂಟೊಮಾಸ್‌ನಲ್ಲಿ ಕೆಲಸವೇ ಬೇರೆ. 1999ರ ಮೊದಲ ಆಲ್ಬಮ್‌ನಲ್ಲಿ ಕಾಮಿಕ್ ಪುಸ್ತಕದ ಪುಟಗಳಂತೆ 30 ತುಣುಕುಗಳಿವೆ. ಎಲ್ಲ ಸೇರಿದರೂ ಮುಕ್ಕಾಲು ಗಂಟೆಯಾಗದು. ಪ್ಯಾಟನ್ ಪದಗಳಿಲ್ಲದೆ ಕಿರುಚುತ್ತಾರೆ, ಪಿಸುಗುಟ್ಟುತ್ತಾರೆ, ಥಟ್ಟನೆ ನಿಲ್ಲುತ್ತಾರೆ. ಆ ಕ್ಷಣಕ್ಕೇ ಡ್ರಮ್ಸ್ ಕೂಡ ಅಬ್ಬರದಿಂದ ಮೌನಕ್ಕೆ ಜಿಗಿಯಬೇಕು.

ನಮ್ಮ ಕುಂಬಳೆ ಕಡೆ ಯಕ್ಷಗಾನ ಬಯಲಾಟ ನೋಡಿದವರಿಗೆ ಇದು ತೀರಾ ಅಪರಿಚಿತವಲ್ಲ: ಚೆಂಡೆಯವರ ಕಿವಿ ಭಾಗವತರ ಮೇಲೆ, ಕಣ್ಣು ವೇಷಧಾರಿಯ ಹೆಜ್ಜೆಯ ಮೇಲೆ. ಆದರೆ ಅಲ್ಲಿ ಪದ್ಯ ಮುಗಿಯುವವರೆಗೆ ತಾಳದ ಆಸರೆಯಿರುತ್ತದೆ. ಫ್ಯಾಂಟೊಮಾಸ್‌ನಲ್ಲಿ ಅದೂ ಕೆಲವೇ ಸೆಕೆಂಡುಗಳಲ್ಲಿ ಬದಲಾಗಿಬಿಡಬಹುದು. ಮೊದಲ ಸಲ ಕೇಳುವಾಗ ತಲೆ ಕೆಡುವುದು ಸಹಜ (ನನ್ನ ಪ್ರಕಾರ ಅವರಿಗೆ ಬೇಕಾದದ್ದೂ ಅದೇ).

ಹೊಸಬರು 2001ರ ಆಲ್ಬಮ್‌ನಿಂದ ಶುರುಮಾಡಿ. ಅದರಲ್ಲಿ ಸಿನಿಮಾಗಳ ಸಂಗೀತವನ್ನು ಮೆಟಲ್‌ಗೆ ಒಗ್ಗಿಸಿದ್ದಾರೆ. ಹಿಡಿದುಕೊಳ್ಳಲು ರಾಗವಾದರೂ ಸಿಗುತ್ತದೆ.