ಕೈಯಲ್ಲಿ ಹಿಡಿತವೇ ಇಲ್ಲದವರು ವಾಕರ್ ಬಳಸುವುದು ಹೇಗೆ?

ಹಿಡಿಯಲೇಬೇಕಂತಿಲ್ಲ, ಮುಂಗೈ ಊರಿದರೆ ಸಾಕು. ಮುಂಗೈ ಅಂದರೆ ಇಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗ. ಮಾಮೂಲಿ ವಾಕರ್‌ಗೇ ದೋಣಿಯಂಥ ಮೆತ್ತನೆಯ ತಟ್ಟೆಯೊಂದನ್ನು ಜೋಡಿಸುತ್ತಾರೆ. ಇದಕ್ಕೆ ಪ್ಲಾಟ್‌ಫಾರ್ಮ್ ಅಟ್ಯಾಚ್‌ಮೆಂಟ್ ಅಂತ ಹೆಸರು. ಮೊಣಕೈಯನ್ನು ಸುಮಾರು 90 ಡಿಗ್ರಿ ಮಡಿಸಿ ಮುಂಗೈಯನ್ನು ಅದರ ಮೇಲಿಟ್ಟು, ವೆಲ್ಕ್ರೋ ಪಟ್ಟಿ ಸುತ್ತಿದರೆ ಆಯಿತು.

ಸಾದಾ ವಾಕರ್‌ನಲ್ಲಿ ಅದರ ಮೇಲೆ ಹಾಕುವ ಭಾರವೆಲ್ಲ ಅಂಗೈ, ಮಣಿಕಟ್ಟಿನ ಮೂಲಕವೇ ಇಳಿಯಬೇಕು. ಸಂಧಿವಾತದಿಂದ ಊದಿಕೊಂಡ, ಅಥವಾ ಮುರಿದು ಪ್ಲಾಸ್ಟರ್ ಹಾಕಿದ ಮಣಿಕಟ್ಟು ಅದನ್ನು ತಾಳುವುದಿಲ್ಲ, ಅಲ್ವಾ? ತಟ್ಟೆ ಇದ್ದರೆ ಭಾರ ಮುಂಗೈ ಉದ್ದಕ್ಕೂ ಹರಡುತ್ತದೆ. ಮಣಿಕಟ್ಟಿಗೆ ಕೆಲಸವೇ ಇರುವುದಿಲ್ಲ. ಎತ್ತರ ಮಾತ್ರ ಸರಿಯಿರಬೇಕು: ಜಾಸ್ತಿಯಾದರೆ ಹೆಗಲು ಕಿವಿಯತ್ತ ಏರುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ. ಸುಮ್ನೆ ಅಂದಾಜಿಗೆ ತಿರುಪು ಬಿಗಿಯಬೇಡಿ, ಫಿಸಿಯೋಥೆರಪಿಸ್ಟ್ ಹತ್ತಿರ ಅಳತೆ ಮಾಡಿಸಿ.

ಪಾರ್ಶ್ವವಾಯುವಿನಿಂದ ಒಂದು ತೋಳು ಪೂರ್ತಿ ಸೋತಿದ್ದರೆ ಈ ತಟ್ಟೆ ಸಾಮಾನ್ಯವಾಗಿ ಸಾಲದು, ಏಕೆಂದರೆ ಹೆಗಲಿಗೂ ಸ್ವಲ್ಪ ಬಲ ಬೇಕು. ಆಗ ಗಟ್ಟಿ ಇರುವ ಕೈಗೆ ನಾಲ್ಕು ಕಾಲಿನ ಊರುಗೋಲು, ಇಲ್ಲವೇ ಒಂದೇ ಕೈಯಲ್ಲಿ ಹಿಡಿಯುವ ಹೆಮಿ ವಾಕರ್ ಕೊಡುತ್ತಾರೆ.